ಕೈದೀಪದ ತಳದ ಏಳು ಗುರುತು

ಮಾಮಾನ ಪೆಟ್ಟಿಗೆ ನಮ್ಮ ಮನೆಗೆ ಬಂದಾಗ ಎರಡು ತಿಂಗಳ ಮಟ್ಟಿಗೆ ಎಂದು ಹೇಳಿಯೇ ಬಂದಿತ್ತು. ಹಾಗೆ ಹೇಳಿ ಬಂದ ಯಾವುದೂ, ನೆಂಟರಾಗಲಿ ಸಾಮಾನಾಗಲಿ, ಆ ಮಾತು ಉಳಿಸಿಕೊಂಡದ್ದನ್ನು ನಾನು ಕಂಡಿಲ್ಲ. ಅದು ಹನ್ನೊಂದು ವರ್ಷ ನಮ್ಮಲ್ಲಿತ್ತು.

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಹುಬ್ಬಳ್ಳಿಯವರು, ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ರೈಲಿನ ಕೊನೆಯ ಡಬ್ಬಿಯ ಬಾಗಿಲಲ್ಲಿ ನಿಂತು ಹಸಿರು ಬಾವುಟ ಬೀಸುತ್ತಾರಲ್ಲ, ಅವರು. ಹೆಂಡತಿ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ನಿವೃತ್ತರಾದಾಗ ಕಂಟೋನ್ಮೆಂಟ್ ಸ್ಟೇಷನ್ ಹತ್ತಿರದ ಕ್ವಾರ್ಟರ್ಸ್ ಬಿಡಬೇಕಾಯಿತು. ಹಲಸೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದರು. ಆ ಕೋಣೆಯಲ್ಲಿ ಮಂಚ ಹಾಕಿದ ಮೇಲೆ ಸ್ಟೋವಿನ ಹತ್ತಿರ ಹೋಗಲು ಮಂಚ ಹತ್ತಿ ಇಳಿಯಬೇಕಿತ್ತು. ಹೀಗಾಗಿ ಅವರ ಕಪ್ಪು ಬಣ್ಣದ ಗಾರ್ಡ್ ಪೆಟ್ಟಿಗೆ ಮತ್ತು ನಾಲ್ಕು ಗೋಣಿಚೀಲ ಒಂದು ಆಟೊ ಟೆಂಪೊದಲ್ಲಿ ಇಂದಿರಾನಗರಕ್ಕೆ ಬಂದವು. ನಾವಿದ್ದದ್ದು ಅಲ್ಲಿನ ವಿಮಾ ನೌಕರರ ಕಾಲೊನಿಯ ನೆಲಮಹಡಿಯ ಎರಡು ಕೋಣೆಯ ಮನೆ. ನಾನಾಗ ಕ್ಲೇಮು ವಿಭಾಗದಲ್ಲಿದ್ದೆ. ಬೆಂಕಿ ಬಿದ್ದ ಗೋದಾಮು, ನೀರು ನುಗ್ಗಿದ ಅಂಗಡಿ, ಹೀಗೆ ಊರವರ ನಷ್ಟವೆಲ್ಲ ದಿನವಿಡೀ ನನ್ನ ಮೇಜಿನ ಮೇಲೆ. ಸಂಜೆ ಮನೆಗೆ ಬಂದರೆ ಮಾಮಾನ ಚೀಲಗಳು.

ಚೀಲದಲ್ಲಿದ್ದದ್ದು ಮೀಟರ್ ಗೇಜ್ ಕಾಲದ ಸಾಮಾನು. ಆ ವರ್ಷಗಳಲ್ಲಿ ಸಣ್ಣ ಹಳಿಗಳನ್ನೆಲ್ಲ ಕಿತ್ತು ದೊಡ್ಡ ಹಳಿ ಹಾಕುತ್ತಿದ್ದರು. ಹಳಿಯ ಜೊತೆಗೆ ಸ್ಟೇಷನ್ನಿನ ಬೋರ್ಡು, ಗಂಟೆ, ದೀಪ, ರಟ್ಟಿನ ಟಿಕೆಟ್ಟು ಎಲ್ಲ ಹೋದವು. ಒಂದಿಷ್ಟು ಸ್ಟೇಷನ್ನಿನ ಹಿಂದೆ ಸುಟ್ಟರು, ಉಳಿದದ್ದು ಹರಾಜಾಗಿ ಶಿವಾಜಿನಗರದ ಗುಜರಿಗೆ ಸೇರಿತು. ಮಾಮಾ ಭಾನುವಾರಗಳನ್ನೆಲ್ಲ ಗುಜರಿಯಲ್ಲಿ ಕಳೆದು, ತೂಕಕ್ಕೆ ಕೊಂಡು ತಂದದ್ದು ಈ ನಾಲ್ಕು ಚೀಲ. ಸಾವಿರಾರು ರಟ್ಟಿನ ಟಿಕೆಟ್ಟು, ಗಾರ್ಡುಗಳಿಗೆ ಕೊಡುತ್ತಿದ್ದ ವೇಳಾಪಟ್ಟಿಯ ಪುಸ್ತಕಗಳು, ಪೋರ್ಟರುಗಳ ತೋಳಿನ ಹಿತ್ತಾಳೆ ಬಿಲ್ಲೆಗಳು. ಮತ್ತೆ ಒಂದು ಕೈದೀಪ.

ಯಾಕೆ ಮಾಮಾ ಇದೆಲ್ಲ ಎಂದು ಒಮ್ಮೆ ಕೇಳಿದ್ದೆ. ಅವರು ಹೇಳಿದ್ದು ಇಷ್ಟು: “ಇಂಜಿನ್ನಿನ ಡ್ರೈವರ್ ಮುಂದ ನೋಡ್ತಾನ. ಹಿಂದ ನೋಡೂದು ಗಾರ್ಡಿನ ಕೆಲಸ. ಅವರು ಪಗಾರ ಕೊಡೂದು ಬಿಟ್ರು ಅಂತ ನಾ ನೋಡೂದು ಬಿಡ್ಲೇನು?”

ನಾನು ಚೀಲಗಳನ್ನು ಮಂಚದ ಕೆಳಗೆ ತಳ್ಳಿದೆ.

ಕೈದೀಪದ ಕಥೆಯನ್ನು ಅವರು ನನಗೆ ಮೊದಲ ವಾರವೇ ಹೇಳಿದ್ದರು. ಹೇಳಿರಲಿಲ್ಲ ಎಂದು ನಾನು ಸುಳ್ಳು ಹೇಳಲಾರೆ. ಅದು ಹಿತ್ತಾಳೆಯದು, ಮಸಿ ಮೆತ್ತಿ ಕಬ್ಬಿಣದ ಬಣ್ಣಕ್ಕೆ ತಿರುಗಿತ್ತು. ಒಳಗೆ ಕೆಂಪು ಗಾಜು, ಹಸಿರು ಗಾಜು, ತಿರುಗಿಸಲು ಮೇಲೊಂದು ಹಿಡಿ. ದೀಪದ ಕೋಣೆಯಲ್ಲಿ ಇಂಥವು ಸಾಲಾಗಿ ಇರುತ್ತಿದ್ದವಂತೆ. ಎಲ್ಲವೂ ಒಂದೇ ಥರ. ಅದಕ್ಕೇ ಪ್ರತಿ ಗಾರ್ಡ್ ತನ್ನ ದೀಪದ ತಳದಲ್ಲಿ ಮೊಳೆಯಿಂದ ಹೆಸರು ಕೊರೆದುಕೊಳ್ಳುತ್ತಿದ್ದ. ಒಬ್ಬ ನಿವೃತ್ತನಾದರೆ ಅವನ ದೀಪ ಇನ್ನೊಬ್ಬನಿಗೆ. ಹಳೆಯ ಹೆಸರನ್ನು ಯಾರೂ ಅಳಿಸುತ್ತಿರಲಿಲ್ಲ, ಅದರ ಕೆಳಗೆ ತನ್ನದನ್ನು ಬರೆಯುವುದು ರೂಢಿ. ಮಾಮಾನ ದೀಪದ ತಳದಲ್ಲಿ ಏಳು ಗುರುತುಗಳಿದ್ದವು. ಮೊದಲನೆಯದು ಹೆಸರೇ ಅಲ್ಲ, ಒಂದು ಮೀನಿನ ಚಿತ್ರ. ಅದನ್ನು ಬರೆದವನು ಯಾರು, ಯಾವ ಕಾಲದವನು ಯಾರಿಗೂ ತಿಳಿಯದು. ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಮೂವರು, ತಮಿಳಿನಲ್ಲಿ ಒಬ್ಬ, ಕನ್ನಡದಲ್ಲಿ ಇಬ್ಬರು. ಕೊನೆಯದು ಮಾಮಾನ ಹೆಸರು. ದೀಪದ ಕೋಣೆಯ ಸಾಮಾನು ಹರಾಜಾದಾಗ ಅವರು ಅದರ ಬೆನ್ನು ಹತ್ತಿ ಶಿವಾಜಿನಗರಕ್ಕೆ ಹೋಗಿ, ಮೂರು ಭಾನುವಾರ ಒಂದೊಂದೇ ದೀಪದ ತಳ ಸವರಿ ನೋಡಿ, ತಮ್ಮದನ್ನು ಹುಡುಕಿ ತಂದಿದ್ದರು.

ಇದನ್ನೆಲ್ಲ ಅವರು ನನ್ನ ಬೆರಳು ಹಿಡಿದು ಆ ಗೀಚಿನ ಮೇಲೆ ಆಡಿಸುತ್ತ ಹೇಳುತ್ತಿದ್ದಾಗ ಒಲೆಯ ಮೇಲೆ ಹಾಲಿತ್ತು. ನನ್ನ ಅರ್ಧ ಕಿವಿ ಅಲ್ಲಿತ್ತು.

ಆಮೇಲಿನದು ಕಾಯುವ ಕೆಲಸ. ಬಹಳ ಬೇಸರದ ಕೆಲಸ ಅದು. ಇಂಥವನ್ನು ಉಳಿಸಿದವರ ಬಗ್ಗೆ ಪತ್ರಿಕೆಯಲ್ಲಿ ಬರೆಯುವಾಗ ಪ್ರೀತಿ, ಹಂಬಲ ಎಂದೆಲ್ಲ ಬರೆಯುತ್ತಾರೆ. ನನಗೆ ಗೊತ್ತಿರುವುದು ಬೇವಿನ ಸೊಪ್ಪು, ನುಸಿಗುಳಿಗೆ, ಸೀಮೆಎಣ್ಣೆ. ಮೊದಲ ಮಳೆಗಾಲದಲ್ಲೇ ಮೋರಿಯ ನೀರು ಒಳಗೆ ಬಂದು ಎರಡು ಚೀಲ ತೊಯ್ದವು. ಟಿಕೆಟ್ಟುಗಳನ್ನು ಮಹಡಿಯ ಮೇಲೆ ಹಳೆಯ ಸೀರೆ ಹಾಸಿ ಒಣಗಿಸಿದೆ. ಗಾಳಿಗೆ ಹಾರದಂತೆ ಮೇಲೆ ಸೊಳ್ಳೆಪರದೆ. ಕಾಲೊನಿಯ ಹೆಂಗಸರು ಹಪ್ಪಳವೇ ಎಂದು ಕೇಳಿದರು. ಹೌದು ಎಂದೆ. ಮುಂದಿನ ವರ್ಷ ಗೆದ್ದಲು ಬಂತು. ವೇಳಾಪಟ್ಟಿಯ ಪುಸ್ತಕವೊಂದರ ನಡುವಿನ ಹಾಳೆಗಳನ್ನೆಲ್ಲ ತಿಂದು, ರಟ್ಟನ್ನು ಮಾತ್ರ ಮರ್ಯಾದೆಗೆ ಬಿಟ್ಟಿತ್ತು. ಮಾಮಾ ಪ್ರತಿ ಭಾನುವಾರ ಬಂದು ಚೀಲ ಬಿಚ್ಚಿ, ಒಂದೊಂದನ್ನೂ ಮುಟ್ಟಿ ನೋಡಿ, ಮತ್ತೆ ಕಟ್ಟುತ್ತಿದ್ದರು. ಕಾಗದದ ಬಗ್ಗೆ ಅವರಿಗೆ ಬಹಳ ಹೆದರಿಕೆ.

“ಕಾಗದ ನೋಡ್ಕೋ ತಂಗಿ,” ಎನ್ನುತ್ತಿದ್ದರು. “ಹಿತ್ತಾಳಿಗೆ ಏನಾಗ್ತದ? ಅದು ನಮ್ಮನ್ನೆಲ್ಲಾ ಕಳಿಸಿ ತಾ ಇರ್ತದ.”

ನಾನು ಕಾಗದ ನೋಡಿಕೊಂಡೆ. ಒಂದು ಸಲ ಇದಕ್ಕೆಲ್ಲ ವಿಮೆ ಮಾಡಿಸಬಹುದೇ ಎಂದು ಕಚೇರಿಯಲ್ಲಿ ಕೇಳಿಯೂ ನೋಡಿದೆ. ಬೆಲೆ ಎಷ್ಟು ಎಂದರು. ಬೆಲೆಯಿಲ್ಲ ಎಂದೆ. ಹಾಗಾದರೆ ನಷ್ಟವೂ ಇಲ್ಲ ಎಂದು ನಕ್ಕರು. ದಿನವೂ ಅದೇ ಮಾತನ್ನು ಬೇರೆಯವರಿಗೆ ಹೇಳುವವಳು ನಾನು, ಆದ್ದರಿಂದ ಸಿಟ್ಟು ಮಾಡಿಕೊಳ್ಳುವ ಹಕ್ಕೂ ನನಗಿರಲಿಲ್ಲ. ಆದರೂ ಮನೆಗೆ ಬಂದು ಕಚೇರಿಯ ರೂಢಿಯಂತೆ ಒಂದು ಪಟ್ಟಿ ಮಾಡಿದೆ. ವಸ್ತು, ಎಷ್ಟು, ಯಾವ ಸ್ಥಿತಿ. ಕೈದೀಪದ ಮುಂದೆ ಬರೆದದ್ದು ನನಗಿನ್ನೂ ನೆನಪಿದೆ: “ಹಿತ್ತಾಳೆ, ಒಂದು. ಕೊಳಕಾಗಿದೆ. ತಳದಲ್ಲಿ ಗೀಚು.” ಆ ಪಟ್ಟಿಯ ಜೊತೆ ಮಾಮಾ ತಮ್ಮ ಓರೆ ಅಕ್ಷರದಲ್ಲಿ ಕಾಗದ ಬರೆದು ಕಂಡಕಂಡ ಸಂಗ್ರಹಾಲಯಗಳಿಗೆ ಕಳಿಸಿದರು. ಕೆಲವರು ಉತ್ತರಿಸಲಿಲ್ಲ. ಕೆಲವರದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಪರಿಶೀಲಿಸಲಾಗುವುದು, ಸ್ಥಳಾವಕಾಶ ನೋಡಿಕೊಂಡು ತಿಳಿಸಲಾಗುವುದು.

ನಾವು ಕಗ್ಗದಾಸಪುರದಲ್ಲಿ ಸ್ವಂತ ಮನೆ ಕಟ್ಟಿಕೊಂಡು ಹೋದಾಗ ಪೆಟ್ಟಿಗೆಯೂ ಚೀಲಗಳೂ ಜೊತೆಗೆ ಬಂದವು. ನನ್ನ ಗಂಡ ಒಳ್ಳೆಯ ಮನುಷ್ಯ. ಅವರು ಇದರ ಬಗ್ಗೆ ಜಗಳವಾಡಿದ್ದು ಒಂದೇ ಸಲ, ಮನೆ ಬದಲಿಸಿದ ಆ ದಿನ. ಪೆಟ್ಟಿಗೆ ಇಳಿಸುವಾಗ ಸೊಂಟ ಹಿಡಿದುಕೊಂಡಿತ್ತು. “ರೈಲ್ವೆಯೋರಿಗೇ ಬೇಡ್ವಾಗಿದ್ದು ನಮಗ್ಯಾಕೆ? ನಾವೇನು ಗೋಡೌನ್ ಇಟ್ಟಿದೀವಾ?” ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ನನಗೂ ಸಾಕಾಗಿತ್ತು. ಪ್ರತಿ ದಸರೆಗೆ ಮನೆ ಕ್ಲೀನ್ ಮಾಡುವಾಗ, “ಹಳೇ ಪೇಪರ್, ಹಳೇ ಕಬ್ಣ” ಎಂದು ಕೂಗುತ್ತ ಗಾಡಿಯವನು ಬೀದಿಯಲ್ಲಿ ಹೋದಾಗ, ಒಂದು ಗಳಿಗೆ ಬಾಗಿಲಲ್ಲಿ ನಿಂತದ್ದುಂಟು. ಮಾಮಾ ಇದ್ದರಲ್ಲ, ಅದಕ್ಕೇ ಒಳಗೆ ಬರುತ್ತಿದ್ದೆ. ಹಳೆಯ ರೈಲಿನ ಮೇಲಿನ ಪ್ರೀತಿಗಂತೂ ಅಲ್ಲ.

ಹೊಸ ಮನೆ ರೈಲ್ವೆ ಗೇಟಿನ ಹತ್ತಿರವಿತ್ತು. ಗೇಟು ಹಾಕಿದರೆ ನಮಗೆಲ್ಲ ಶಾಪ ಹಾಕುವ ಹೊತ್ತು, ಮಾಮಾನಿಗೆ ಹಬ್ಬ. ಒಂದು ಕಣ್ಣಿನ ಪೊರೆ ತೆಗೆಸಿ, ಇನ್ನೊಂದು ಹಾಗೇ ಉಳಿದು, ಅವರಿಗೆ ಏನೂ ಸರಿಯಾಗಿ ಕಾಣದಂತಾಗಿತ್ತು. ಭಾನುವಾರ ಬಂದಾಗ ವರಾಂಡದಲ್ಲಿ ಕುಳಿತು ಸದ್ದಿನಿಂದಲೇ ಎಷ್ಟು ವ್ಯಾಗನ್ ಎಂದು ಹೇಳುತ್ತಿದ್ದರು. ನಡುವೆ ಕೈದೀಪವನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೆಬ್ಬೆರಳಿನಿಂದ ತಳ ಸವರುತ್ತ ಕೂರುವುದು ಅಭ್ಯಾಸ. ನಾನು ಅದನ್ನು ಮುದುಕರ ಚಟ ಎಂದುಕೊಂಡೆ. ಕೆಲವರು ಜಪಮಣಿ ಎಣಿಸುತ್ತಾರೆ, ಇವರಿಗೆ ಇದು ಎಂದುಕೊಂಡೆ.

ಹನ್ನೊಂದನೆಯ ವರ್ಷ ಒಂದು ಸಂಗ್ರಹಾಲಯದಿಂದ ಕಾಗದ ಬಂತು. ಹಿಂದೆಂದೋ ಕಳಿಸಿದ್ದ ಪಟ್ಟಿಯನ್ನು ಯಾರೋ ಓದಿದ್ದರು. ಮುಂದಿನ ಗುರುವಾರ ಅಧಿಕಾರಿಯೊಬ್ಬರು ಬಂದು ನೋಡುತ್ತಾರೆ, ಯೋಗ್ಯವೆನಿಸಿದರೆ ತೆಗೆದುಕೊಂಡು ಹೋಗುತ್ತಾರೆ ಎಂದಿತ್ತು. ನಾನು ಓದಿ ಹೇಳಿದಾಗ ಮಾಮಾ ಮತ್ತೊಮ್ಮೆ ಓದು ಎಂದರು. ಆಮೇಲೆ ದೀಪಕ್ಕೂ ಅಲ್ಲಿ ಜಾಗ ಕೊಡ್ತಾರಂತೇನು ಎಂದು ಕೇಳಿದರು. ಕೊಡ್ತಾರೆ ಎಂದೆ. ಏಳೂ ಮಂದೀನ ಒಂದ ಕಡೆ ಇಡ್ತಾರಲ್ಲ ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಅವರಿಗೆ ಬೇಕಾಗಿದ್ದದ್ದು ಅದೊಂದೇ. ಉಳಿದ ಚೀಲಗಳೆಲ್ಲ ಆ ದೀಪದ ಹಿಂದೆ ಬಂದ ದಿಬ್ಬಣ.

ನಾನು ಏನು ಮಾಡಿದೆ ಎಂದು ಹೇಳುವ ಮುಂಚೆ ನನ್ನ ಅವ್ವನ ಮನೆಯ ಎರಡು ರೂಢಿ ಹೇಳಬೇಕು. ಯಾರಿಗೇ ಪಾತ್ರೆ ಕೊಡುವುದಿದ್ದರೂ ಬೆಳಗಿ ಕೊಡಬೇಕು, ಕೊಳಕು ಪಾತ್ರೆ ಕೊಟ್ಟರೆ ಕೊಟ್ಟವರ ಮನೆತನದ ಮಾತು. ಇದು ಒಂದು. ಇನ್ನೊಂದು, ಮದುವೆಗೆ ಕೊಟ್ಟ ಪ್ರತಿ ಪಾತ್ರೆಗೂ ಹೆಸರು ಹಾಕಿಸುತ್ತಿದ್ದರು. ಅಂಗಡಿಯವನು ಸಣ್ಣ ಉಳಿಯಿಂದ ಟಕಟಕ ಹೊಡೆದು ಚುಕ್ಕಿಚುಕ್ಕಿಯಾಗಿ ಬರೆದ ನನ್ನ ಅಜ್ಜಿಯ ಹೆಸರು ಅವಳ ತಂಬಿಗೆಯ ಮೇಲೆ ಇಂದಿಗೂ ಇದೆ. ದಿನವೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೂ ಹೋಗಿಲ್ಲ. ಹಿತ್ತಾಳೆಯ ಮೇಲಿನ ಹೆಸರು ಅಳಿಸುತ್ತದೆ ಎಂಬುದು ನನ್ನ ತಲೆಯೊಳಗೆ ಬರುವ ಸಂಗತಿಯೇ ಆಗಿರಲಿಲ್ಲ.

ಬುಧವಾರ ಅರ್ಧ ದಿನ ರಜೆ ಹಾಕಿ ದೀಪವನ್ನೂ ಬಿಲ್ಲೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹಲಸೂರು ಪೇಟೆಯ ಪಾಲಿಶ್ ಅಂಗಡಿಗೆ ಹೋದೆ. ದೊಮ್ಮಲೂರಿನ ಹತ್ತಿರ ಫ್ಲೈಓವರ್ ಕೆಲಸ ನಡೆದು ಬಸ್ಸು ಒಂದು ಗಂಟೆ ನಿಂತಲ್ಲೇ ನಿಂತಿತ್ತು. ಆ ಒಂದು ಗಂಟೆ ದೀಪ ನನ್ನ ತೊಡೆಯ ಮೇಲೆಯೇ ಇತ್ತು. ತಿರುಗಿಸಿ ನೋಡಲು, ಯೋಚಿಸಲು ಬೇಕಾದಷ್ಟು ಹೊತ್ತಿತ್ತು. ನಾನು ಕಣ್ಣು ಮುಚ್ಚಿ ನಿದ್ದೆ ಮಾಡಿದೆ. ಅಂಗಡಿಯವನು ದೀಪ ಎತ್ತಿ ನೋಡಿ, “ಎಷ್ಟು ವರ್ಷದ ಕೊಳೆ ಅಮ್ಮಾ ಇದು? ಸಾಯಂಕಾಲ ಬನ್ನಿ. ಮದ್ವೆ ಮನೆ ದೀಪದ ಥರ ಮಾಡಿ ಕೊಡ್ತೀನಿ,” ಎಂದ. ಮಾತಿನ ಮನುಷ್ಯ. ಗಾಜು ಬಿಚ್ಚಿ, ಮೋಟಾರಿನ ಚಕ್ರಕ್ಕೆ ಹಿಡಿದು, ಹೊರಗೆ, ಒಳಗೆ, ತಳ, ಎಲ್ಲೂ ಬಿಡದೆ ಹೊಳಪು ಬರಿಸಿ, ಗಾಜನ್ನು ಮತ್ತೆ ಕೂರಿಸಿ ಕೊಟ್ಟ. ನಾನು ತಳವನ್ನೂ ತಿರುಗಿಸಿ ನೋಡಿದೆ. ಅಲ್ಲಿ ನನ್ನ ಮುಖ ಕಂಡಿತು. ನನಗೆ ಖುಷಿಯಾಯಿತು.

ಗುರುವಾರ ಬೆಳಿಗ್ಗೆ ಮಾಮಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹಲಸೂರಿನಿಂದ ಆಟೊದಲ್ಲಿ ಬಂದರು. ಅವರನ್ನು ಅಚ್ಚರಿಪಡಿಸಬೇಕೆಂದು ನಾನು ದೀಪದ ವಿಷಯ ಹೇಳಿರಲಿಲ್ಲ. ಅಧಿಕಾರಿ ಹತ್ತು ಗಂಟೆಗೆ ಬಂದರು. ಸೌಮ್ಯ ಸ್ವಭಾವದವರು, ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು ಟಿಕೆಟ್ಟುಗಳನ್ನು ಮುಟ್ಟಿದರು. ಅದನ್ನು ಕಂಡಾಗಲೇ ನನಗೆ ಎಲ್ಲೋ ಒಂದು ಕಡೆ ಚುಳ್ ಎಂದಿತು. ಟಿಕೆಟ್ಟುಗಳು ಚೆನ್ನಾಗಿವೆ ಎಂದರು. ಗೆದ್ದಲು ತಿಂದ ಪುಸ್ತಕವನ್ನೂ ಬೇಡ ಎನ್ನಲಿಲ್ಲ. ಪೆಟ್ಟಿಗೆಯ ಮೇಲೆ ಮಾಸಿಹೋದ ಬಣ್ಣದ ಅಕ್ಷರ ನೋಡಿ, ಇದನ್ನು ಒರೆಸದೆ ಹಾಗೇ ಇಟ್ಟಿದ್ದು ಒಳ್ಳೆಯದಾಯಿತು ಎಂದು ಹೊಗಳಿದರು. ಸೋಮಾರಿತನಕ್ಕೆ ಸಿಕ್ಕ ಹೊಗಳಿಕೆ ಅದು.

ಆಮೇಲೆ ಮೇಜಿನ ಮೇಲಿದ್ದ ದೀಪದ ಕಡೆ ತಿರುಗಿದರು. ಎತ್ತಿದರು, ಮಗುಚಿ ನೋಡಿದರು, ಕನ್ನಡಕ ಮೇಲೇರಿಸಿ ಮತ್ತೆ ನೋಡಿದರು. ಫೈಲಿನಿಂದ ನನ್ನದೇ ಪಟ್ಟಿ ತೆಗೆದರು.

“ಮೇಡಂ, ತಳದಲ್ಲಿ ಗೀಚು ಅಂತ ಬರ್ದಿದೀರ. ಇವ್ರ ಕಾಗದದಲ್ಲೂ ಏಳು ಗುರುತು ಅಂತಿದೆ. ನಾವು ಮುಖ್ಯವಾಗಿ ಬಂದಿದ್ದೇ ಅದಕ್ಕೆ. ಇದು ಆ ದೀಪಾನೇನಾ?”

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ ಎಂದು ಬೇರೆಯವರಿಗೆ ಎಷ್ಟು ಸಲ ಹೇಳಿ ನಕ್ಕಿದ್ದೆ. ಮಾಮಾ ಕೈ ಚಾಚಿದರು. ಅಧಿಕಾರಿ ದೀಪವನ್ನು ಅವರ ಕೈಗೆ ಕೊಟ್ಟರು. ಹಿಡಿದ ಕೂಡಲೇ ಅವರಿಗೆ ಗೊತ್ತಾಯಿತು, ಯಾಕೆಂದರೆ ಕೈ ಜಾರಿತು. ಹೆಬ್ಬೆರಳು ತಳಕ್ಕೆ ಹೋಯಿತು. ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು, ನಡುವಿನಲ್ಲಿ ನಿಂತಿತು. ನಾನು ನೆಲ ನೋಡುತ್ತ ನಿಂತಿದ್ದೆ. ಅವರು ಬೈದರೆ ಸಾಕು, ಒಂದು ಏಟು ಹೊಡೆದರೂ ಸರಿ ಎನಿಸಿತು.

“ಆ ದೀಪಾನ ಸಾಹೇಬ್ರ,” ಎಂದರು ಮಾಮಾ. “ತಿಕ್ಕಿಸಿದಾಂವ ನಾನ. ಕಣ್ಣು ಕಾಣೂದಿಲ್ಲ, ವಯಸ್ಸಾತು. ತಿಳೀಲಿಲ್ಲ.”

ನಾನು ಬಾಯಿ ತೆರೆದೆ. ಅವರು ನನ್ನ ಕಡೆ ಮುಖ ಮಾಡಿ ಬೇಡ ಎಂಬಂತೆ ಕೈ ಆಡಿಸಿದರು. ಕಾಣದ ಕಣ್ಣಿನವರಿಗೆ ನಾನು ಎಲ್ಲಿ ನಿಂತಿದ್ದೇನೆಂದು ಸರಿಯಾಗಿ ಗೊತ್ತಿತ್ತು. ನಾನು ಬಾಯಿ ಮುಚ್ಚಿದೆ. ಅಂದು ಯಾಕೆ ಮುಚ್ಚಿದೆ ಎಂದು ಇಂದಿಗೂ ನನ್ನ ಮೇಲೆ ನನಗೆ ಕೋಪವಿದೆ.

ಅಧಿಕಾರಿ ಬೇಸರದಿಂದ ತಲೆಯಾಡಿಸಿದರು. ಹೆಸರುಗಳು ನೆನಪಿದ್ದರೆ ಹೇಳಿ, ಬರೆದುಕೊಳ್ಳುತ್ತೇವೆ ಎಂದರು. ಮಾಮಾ ಆರು ಹೆಸರು ಹೇಳಿದರು, ಒಂದೊಂದಕ್ಕೂ ಹೆಬ್ಬೆರಳನ್ನು ತಳದಲ್ಲಿ ಒಂದಿಷ್ಟು ಸರಿಸುತ್ತ. ಮೀನಿಗೆ ಹೆಸರಿರಲಿಲ್ಲ. ಅದು ಆ ಹಿತ್ತಾಳೆಯ ಮೇಲೆ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚೀಲಗಳೂ ಪೆಟ್ಟಿಗೆಯೂ ಅವರ ವ್ಯಾನು ಹತ್ತಿದವು. ತಿಕ್ಕಿಸಿದ ಬಿಲ್ಲೆಗಳನ್ನು ಮಾಮಾನ ಮುಖ ನೋಡಿ ತೆಗೆದುಕೊಂಡರು. ದೀಪ ಮಾತ್ರ ನಿಮ್ಮಲ್ಲೇ ಇರಲಿ, ಮನೆಯ ನೆನಪಿಗೆ ಎಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು.

ಅವರು ಹೋದ ಮೇಲೆ ನಾನು ಮಾಮಾನ ಕಾಲ ಬಳಿ ಕುಳಿತು ಅತ್ತೆ. ಹನ್ನೊಂದು ವರ್ಷ ನೀರಿನಿಂದ, ಹುಳದಿಂದ, ಗುಜರಿಯವನಿಂದ, ಗಂಡನಿಂದ ಕಾಪಾಡಿದ್ದನ್ನು ನಾನೇ ಕೈಯಾರೆ ಹಾಳು ಮಾಡಿದೆ ಎಂದೆ. ಮಾಮಾ ಹೋಗಲಿ ಬಿಡು ಎನ್ನಲಿಲ್ಲ. ಅವರು ಹಾಗೆ ಅನ್ನುವ ಪೈಕಿ ಅಲ್ಲ. ದೂರದಲ್ಲಿ ಗೇಟು ಹಾಕುವ ಗಂಟೆ ಕೇಳಿಸಿತು. ಗಾಡಿ ಬಂದು ಹೋಯಿತು. ಅವತ್ತು ಅವರು ವ್ಯಾಗನ್ ಎಣಿಸಲಿಲ್ಲ.

“ಮನ್ಯಾಗ ಮೊಳಿ ಅದ ಏನು?” ಎಂದು ಕೇಳಿದರು.

ಕ್ಯಾಲೆಂಡರ್ ಹಾಕಲು ಇಟ್ಟಿದ್ದ ಮೊಳೆ ತಂದುಕೊಟ್ಟೆ. ತಮ್ಮ ಹೆಸರನ್ನು ಮತ್ತೆ ಕೊರೆಯುತ್ತಾರೆ ಎಂದುಕೊಂಡೆ. ಅವರು ಮೊಳೆಯನ್ನೂ ದೀಪವನ್ನೂ ನನ್ನ ಮಡಿಲಿಗೆ ಇಟ್ಟರು.

“ದೀಪ ಯಾರ ಹತ್ರ ಇರ್ತದೋ ಅವರು ಹೆಸರು ಬರೀಬೇಕು. ಹನ್ನೊಂದು ವರ್ಷ ನಿನ್ನ ಹತ್ರ ಇತ್ತು. ನಿಂದು ಬರಿ.”

ನನ್ನಿಂದ ಆಗಲಿಲ್ಲ. ನಾಳೆ ಬರೀತೀನಿ ಮಾಮಾ ಎಂದೆ. ಮುಂದಿನ ಭಾನುವಾರ ಬಂದಾಗ ತಳ ಸವರಿ ನೋಡಿ, ಇನ್ನೂ ಬರೆದಿಲ್ಲವೇ ಎಂದು ಕೇಳಿದರು. ಅದರ ಮುಂದಿನ ಭಾನುವಾರವೂ ಕೇಳಿದರು. ಆಮೇಲೆ ಬರುವುದೇ ಕಡಿಮೆಯಾಯಿತು. ಆ ವರ್ಷದ ದಸರೆಗೆ ಮುಂಚೆ ತೀರಿಕೊಂಡರು.

ಅವರು ಹೇಳಿದ ಆರು ಹೆಸರುಗಳನ್ನು ನಾನೂ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಅವನ್ನು ಮತ್ತೆ ಕೊರೆಯಬಹುದಲ್ಲ ಎಂದು ನನ್ನ ಗಂಡ ಹೇಳಿದರು, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಆದರೆ ಬೇರೆಯವರ ಸಹಿಯನ್ನು ಇನ್ನೊಬ್ಬರು ಹಾಕಿದರೆ ಅದಕ್ಕೆ ಏನು ಹೆಸರು ಎಂದು ಕ್ಲೇಮು ವಿಭಾಗದವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನದನ್ನು ಬರೆದರೆ ಸುಳ್ಳಾಗುವುದಿಲ್ಲ, ಅದು ನಿಜ. ಆದರೆ ಆಗ ಅಷ್ಟು ಜನರ ಕೈ ದಾಟಿ ಬಂದ ದೀಪದ ಮೇಲೆ, ಅವರನ್ನೆಲ್ಲ ಅಳಿಸಿದವಳ ಹೆಸರೊಂದೇ ಉಳಿಯುತ್ತದೆ.

ದೀಪ ಈಗ ಮುಂದಿನ ಕೋಣೆಯ ಕಪಾಟಿನಲ್ಲಿದೆ. ಹೊಳಪು ಹೋಗಿ ಅಲ್ಲಲ್ಲಿ ಕಪ್ಪಾಗುತ್ತಿದೆ. ಬಂದವರು ಎಷ್ಟು ಚಂದದ ದೀಪ, ಒಂದು ಸಲ ಪಾಲಿಶ್ ಮಾಡಿಸಿ ಎನ್ನುತ್ತಾರೆ. ಮಾಡಿಸೋಣ ಎನ್ನುತ್ತೇನೆ. ಕೆಲಸದವಳಿಗೆ ಅದನ್ನು ಮುಟ್ಟಬೇಡವೆಂದು ಹೇಳಿದ್ದೇನೆ, ಯಾಕೆ ಎಂದು ಅವಳು ಕೇಳಿಲ್ಲ. ಮೊಳೆ ದೀಪದ ಪಕ್ಕದಲ್ಲೇ ಇದೆ.